ಅಂಗಳದಲ್ಲಿ ಕೂತ ಇಸಾಲೆ ಎಲೆ

ಮೂರನೆಯ ಮಂಗಳವಾರವೂ ನನ್ನ ಕಾಲುವೆಯಲ್ಲಿ ನೀರಿರಲಿಲ್ಲ.

ಮಂಗಳವಾರ ಬೆಳಗಿನಿಂದ ಕತ್ತಲಾಗುವವರೆಗೆ ನೀರು ನನ್ನದು. ಇದನ್ನು ನಾನು ಗೊತ್ತುಮಾಡಿದ್ದಲ್ಲ. ಜರ್ಮನರು ಈ ಬೆಟ್ಟ ಹತ್ತುವ ಮೊದಲೇ ನಮ್ಮ ಮುತ್ತಜ್ಜಂದಿರು ಕಣಿವೆಯ ತಲೆಯಿಂದ ಕಾಲುವೆ ತೋಡಿ, ಯಾವ ಮನೆಗೆ ಯಾವ ದಿನ ಎಂದು ಹಂಚಿಟ್ಟು ಸತ್ತರು. ಜರ್ಮನರು ಹೋದರು, ಬ್ರಿಟಿಷರು ಹೋದರು, ಕಾಫಿಯ ಸಹಕಾರ ಸಂಘಗಳನ್ನು ಸರ್ಕಾರ ಮುಚ್ಚಿತು, ಮತ್ತೆ ತೆರೆಯಿತು. ಮಂಗಳವಾರ ಮಾತ್ರ ನಮ್ಮ ಮನೆಯ ಹೆಸರಿನಲ್ಲೇ ಇತ್ತು. ಅದನ್ನು ಕಿತ್ತುಕೊಳ್ಳಲು ನನ್ನ ಚಿಕ್ಕಪ್ಪನ ಮಗ ಶೆದ್ರಾಕಿಯೇ ಹುಟ್ಟಬೇಕಾಯಿತು.

ಅವನ ತೋಟ ನನ್ನದಕ್ಕಿಂತ ಮೇಲಿದೆ. ಕಾಫಿಯ ಬೆಲೆ ನೆಲಕಚ್ಚಿದ ವರ್ಷ ಗಿಡಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ, ಬೆಟ್ಟದ ಕೆಳಗಿನ ಮೋಶಿ ಪೇಟೆಗೆಂದು ಟೊಮೆಟೊ ಹಾಕಿದ. ನಾನೂ ಕಿತ್ತವನೇ, ಸುಳ್ಳೇಕೆ ಹೇಳಲಿ. ಆದರೆ ಬಾಳೆಯ ನೆರಳಲ್ಲಿ ಕಾಫಿ ಇಲ್ಲದ ತೋಟ ನೋಡಿ ನೋಡಿ ತಡೆಯಲಾರದೆ, ಈ ಸಲ ಮತ್ತೆ ಸಸಿ ಮಡಿ ಮಾಡಿದ್ದೆ. ದೊಡ್ಡ ಮಳೆ ಬರುವುದು ಮಾರ್ಚಿಗೆ. ಮೇಲಿನ ಕಾಡನ್ನು ಹಲಗೆಗೆಂದು ಬೋಳಿಸಿದ ಮೇಲೆ ಹಳ್ಳದಲ್ಲಿ ಬರುವುದೇ ಅರ್ಧ ನೀರು. ಎರಡು ವಾರದಿಂದ ಅದೂ ಇಲ್ಲ. ಸಸಿಗಳ ಎಲೆ ಅಂಚಿನಲ್ಲಿ ಕಂದಾಗಿತ್ತು. ಇವತ್ತೂ ನೀರು ಕಾಣದಿದ್ದರೆ ಎಲ್ಲ ಹೋದಂತೆಯೇ.

ಹತ್ತಿ ಹೋಗಿ ನೋಡಿದೆ. ಬಾಳೆಯ ದಿಂಡು ಅಡ್ಡ ಇಟ್ಟು, ಕೆಸರು ಮೆತ್ತಿ, ನನ್ನ ನೀರನ್ನು ತನ್ನ ಟೊಮೆಟೊಗೆ ತಿರುಗಿಸಿಕೊಂಡಿದ್ದ. ಒದ್ದು ಕಿತ್ತೆಸೆಯಲು ಕಾಲು ಎತ್ತಿದ್ದೆ. ಆದರೆ ಇನ್ನೊಬ್ಬನ ಒಡ್ಡಿಗೆ ಕೈ ಹಚ್ಚಿದವನಿಗೆ ವರ್ಷಪೂರ್ತಿ ನೀರಿಲ್ಲ. ಕಾಲುವೆಯ ಯಜಮಾನರಿಗೆ ದೂರು ಕೊಡಬೇಕು, ಅವರೇ ಬಂದು ತೆಗೆಸಬೇಕು. ಸರಿ, ಅಂಗಿ ಹಾಕಿಕೊಂಡು ಅವರಲ್ಲಿಗೆ ಹೋಗೋಣವೆಂದು ಮನೆಗೆ ಇಳಿದರೆ ಬಾಗಿಲಲ್ಲಿ ಶೆದ್ರಾಕಿಯ ತಾಯಿ ಅಯಿಕುಂಡ ಚಿಕ್ಕಮ್ಮ ನಿಂತಿದ್ದಳು. ಎಂಬತ್ತು ದಾಟಿದ ಮುದುಕಿ. ಕೈಯಲ್ಲಿ ಗಂಟು ಹಾಕಿದ ಇಸಾಲೆ ಎಲೆ.

ನಮ್ಮ ಬೇಲಿಯ ತುಂಬ ಬೆಳೆಯುವ ಈ ಎಲೆಗೆ ಗಂಟು ಹಾಕಿ ಕಳಿಸಿದರೆ ತಪ್ಪಾಯಿತು ಎಂದು ಅರ್ಥ. ತಗೊಂಡರೆ ಕ್ಷಮಿಸಿದಂತೆ, ಆಮೇಲೆ ದೂರಿಲ್ಲ. ಬೇಡವೆಂದರೆ ಮನೆಗೆ ಶಾಪ. ಎಲೆ ಅಂಗಳದಲ್ಲಿ ಇರುವಷ್ಟು ಹೊತ್ತೂ ಯಜಮಾನರು ದೂರು ಕೇಳುವುದಿಲ್ಲ. ರಕ್ತ ಹರಿದ ಜಗಳಗಳನ್ನು ಮುಗಿಸಲು ಹಿರಿಯರು ಮಾಡಿದ ಪದ್ಧತಿ ಇದು. ಈ ದರಿದ್ರದವನು ಅದನ್ನು ಟೊಮೆಟೊಗೆ ಗೊಬ್ಬರ ಮಾಡಿಕೊಂಡಿದ್ದ. ಹಿಂದಿನ ಎರಡು ವಾರವೂ ಮೊದಲು ನೀರು ಕದ್ದ, ಆಮೇಲೆ ಎಲೆ ಕಳಿಸಿದ. ಎರಡು ಸಲವೂ ನಾನು ಹಲ್ಲು ಕಚ್ಚಿಕೊಂಡು ತಗೊಂಡಿದ್ದೆ.

ಮುದುಕಿ ಕೈ ಚಾಚಿದಳು. ನನ್ನ ಕೈ ಮೇಲೇಳಲಿಲ್ಲ.

"ತಗೊಳಲ್ಲ ಚಿಕ್ಕಮ್ಮ. ಬೇಡ ಅಂತನೂ ಹೇಳಲ್ಲ."

ಒಳಗಿಂದ ನನ್ನ ಹೆಂಡತಿ ಹೈಕಾ ಓಡಿಬಂದು, ವಯಸ್ಸಾದವಳನ್ನು ಬಿಸಿಲಲ್ಲಿ ನಿಲ್ಲಿಸುವುದು ಯಾವ ಸೀಮೆಯ ಮರ್ಯಾದೆ ಎಂದು ಬೈದಳು. ಎಲೆ ಒಪ್ಪಿಸದೆ ತಂದವರು ವಾಪಸು ಹೋಗುವಂತಿಲ್ಲ. ಅದು ನನಗೂ ಗೊತ್ತಿತ್ತು. ಮುದುಕಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಹಂಗಾದ್ರೆ ಕೂತ್ಕೊಳ್ಳೋಕೆ ಏನಾದ್ರೂ ತಂದ್ಹಾಕು."

ಮುಕ್ಕಾಲಿ ತಂದು ಹಾಕಿದೆ. ಒಂದು ಕಾಲು ಅಲ್ಲಾಡುತ್ತದೆ ಎಂದಳು. ಹೈಕಾ ಬಾಳೆಕಾಯಿಯ ಸಾರು ಕೊಟ್ಟರೆ ಉಪ್ಪು ಕಮ್ಮಿ ಎಂದಳು. ಬಾಳೆಹಣ್ಣು ಕುದಿಸಿ ರಾಗಿ ಸೇರಿಸಿ ಮಾಡಿದ ‘ಎಂಬೆಗೆ’ ಎಂಬ ಹೆಂಡ ಒಂದು ಸೋರೆಬುರುಡೆಯಷ್ಟಿತ್ತು, ಭಾನುವಾರಕ್ಕೆಂದು ಇಟ್ಟಿದ್ದು. ಅದನ್ನು ಕೇಳಿ ತರಿಸಿಕೊಂಡು ಹೀರುತ್ತಾ ಕೂತಳು. ಎಲೆ ಮಾತ್ರ ಮಡಿಲಲ್ಲಿ. ನನಗೆ ಒಳಗೂ ಕೂರಲಾಗಲಿಲ್ಲ, ಹೊರಗೂ ನಿಲ್ಲಲಾಗಲಿಲ್ಲ. ಸಸಿ ಮಡಿಗೂ ಅಂಗಳಕ್ಕೂ ಓಡಾಡಿ ಕಾಲು ನೋವು ಬಂತು. ಮಧ್ಯಾಹ್ನ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊರಟ ಹೆಂಗಸರು ಬೇಲಿಯಾಚೆ ನಿಂತು, ಏನು ಸಮಾಚಾರ ಎಂದು ಒಬ್ಬೊಬ್ಬರಾಗಿ ವಿಚಾರಿಸಿದರು. ಮುದುಕಿ ಎಲ್ಲರಿಗೂ ಎಲೆ ಎತ್ತಿ ತೋರಿಸಿದಳು. ಸಾಕಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಶೆದ್ರಾಕಿ ಕಿಡಿಕಾರುತ್ತಾ ಇಳಿದು ಬಂದ.

"ಏನಯ್ಯಾ ಎಲಿನಾಮಿ, ನಮ್ಮವ್ವನ್ನ ಕೂಡಿ ಹಾಕ್ಕೊಂಡಿದೀಯಾ? ಊರೆಲ್ಲ ನನ್ನ ಕೇಳ್ತಿದೆ."

"ಬೇಲಿ ಬಾಗಿಲು ತೆಗೆದೇ ಇದೆ. ಎಲೆ ಅವಳ ಹತ್ರ ಇದೆ. ನನ್ನ ನೀರು ನಿನ್ನ ಹತ್ರ ಇದೆ."

"ತಪ್ಪಾಯ್ತು ಅಂತ ಎಲೆ ಕಳ್ಸಿದೀನಲ್ಲಪ್ಪ. ಇನ್ನೇನ್ ಮಾಡ್ಲಿ?"

"ಬಾ ಇಲ್ಲಿ. ನನ್ನ ಸಸಿ ಮೇಲೆ ಆ ಎಲೆ ಹಿಂಡು. ಎಷ್ಟು ನೀರು ಬರುತ್ತೋ ನೋಡೋಣ."

ಅವನು ತಾಯಿಯ ರಟ್ಟೆ ಹಿಡಿದು ಏಳು ಎಂದ. ಅವಳು ಏಳಲಿಲ್ಲ. ಗುರುವಾರ ಟೊಮೆಟೊ ಒಯ್ಯಲು ಲಾರಿ ಬರುತ್ತದೆ, ಇವತ್ತು ನೀರು ಬಿಟ್ಟುಕೊಟ್ಟರೆ ಕಾಯಿ ಸೊರಗುತ್ತದೆ ಎಂದು ನನಗೆ ವಿವರಿಸತೊಡಗಿದ. ಸೊರಗುವುದು ಎಂದರೆ ಏನೆಂದು ತೋರಿಸಲು ಅವನನ್ನು ಎಳೆದುಕೊಂಡು ಹೋಗಿ ಸಸಿ ಮಡಿಯ ಮುಂದೆ ನಿಲ್ಲಿಸಿದೆ. ನೋಡಿದ. ವಾಪಸು ಅಂಗಳಕ್ಕೆ ಬಂದಾಗ ಬೇಲಿಯಾಚೆ ಹಾಡಿನ ಹೆಂಗಸರು ಅಭ್ಯಾಸ ಮುಗಿಸಿ ಹಿಂತಿರುಗಿ, ಬೇಕೆಂದೇ ನಿಧಾನವಾಗಿ ಹೋಗುತ್ತಿದ್ದರು. ಶೆದ್ರಾಕಿ ತಲೆ ತಗ್ಗಿಸಿ ಗುಡ್ಡ ಹತ್ತಿದ.

ಅರ್ಧ ಗಂಟೆಗೆ ಕಾಲುವೆಯಲ್ಲಿ ಮೊದಲು ಒಣ ಎಲೆಗಳು ತೇಲಿ ಬಂದವು, ಹಿಂದೆಯೇ ಕೆಂಪು ನೀರು. ಗುದ್ದಲಿ ಹಿಡಿದು ಓಡಿದೆ. ಒಂದು ಕಡೆಯ ಸಾಲು ಪೂರ್ತಿ ಸತ್ತಿತ್ತು. ಉಳಿದದ್ದಕ್ಕೆಲ್ಲ ನೀರು ಹಾಯಿಸಿ, ಕೆಸರು ಕೈಯಲ್ಲೇ ಬಂದು ಮುದುಕಿಯ ಮುಂದೆ ನಿಂತು ಎಲೆ ತಗೊಂಡೆ. ಬಾಡಿ ಮೆತ್ತಗಾಗಿತ್ತು.

ಎಲೆ ಕೈಬಿಟ್ಟ ತಕ್ಷಣ ಅವಳ ಬಾಯಿ ಬಿಚ್ಚಿತು. ಒಪ್ಪಿಸುವ ತನಕ ಕಳಿಸಿದವನ ವಿರುದ್ಧ ತಂದವರು ಒಂದು ಮಾತೂ ಆಡುವಂತಿಲ್ಲ.

"ಪೆದ್ದ ಮುಂಡೇದೆ. ಹೋದ ಸಲನೂ, ಅದರ ಹಿಂದಿನ ಸಲನೂ ಯಾಕೋ ಗಬಕ್ಕನೆ ತಗೊಂಡೆ? ನೀನು ಎಲೆ ತಗೊಳ್ದೆ ನನ್ನ ಇಲ್ಲೇ ಕೂರಿಸ್ಬೇಕು ಅಂತ ದಾರಿಯುದ್ದಕ್ಕೂ ಬೇಡ್ಕೊಂಡು ಬಂದಿದ್ನಲ್ಲೋ. ನನ್ನ ಮಗ ನನ್ನ ಮಾತು ಕೇಳಲ್ಲ. ಊರಿನ ಮಾತು ಕೇಳ್ತಾನೆ."

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ! ಕಣ್ಣಲ್ಲೊಂದು ಸನ್ನೆಯಾದರೂ ಮಾಡಬಾರದಿತ್ತೇ ಎಂದು ರೇಗಿದೆ. ಅವಳು ಬುರುಡೆ ತಲೆಕೆಳಗು ಮಾಡಿ ಕೊನೆಯ ಹನಿಯನ್ನೂ ನಾಲಿಗೆಗೆ ಬಿಟ್ಟುಕೊಂಡಳು.

"ಮುಂದಿನ ಮಂಗಳವಾರ ಅವನು ಮತ್ತೆ ಕಳ್ಸಿದ್ರೂ ಕಳಿಸ್ದ, ಯಾರು ಕಂಡೋರು. ಈ ಮುಕ್ಕಾಲಿ ಕಾಲು ಗಟ್ಟಿ ಮಾಡ್ಸಿಡು. ಸಾರಿಗೆ ಉಪ್ಪು ಹಾಕೋಕೆ ನಿನ್ನ ಹೆಂಡ್ತಿಗೆ ಹೇಳು."