ಸ್ವಾಗತದ ಮಾತು

"ರವಿಕೆ ಬೇಡ," ಎಂದರು ಪರಮಾನಂದ ಸರ್. "ರವಿಕೆ ಹಾಕಿದರೆ ಒರಿಜಿನಲ್ ಅಂತ ಕಾಣುವುದಿಲ್ಲ."

ನಾನು ಮಣಿಪಾಲದ ಆ ಕಾಲೇಜಿನ ಹಾಲ್ ಒರೆಸುತ್ತಿದ್ದೆ. ಅವರು ಒಂದು ಜೆರಾಕ್ಸ್ ಹಾಳೆಯನ್ನು ನನ್ನ ಮುಖಕ್ಕೆ ಹಿಡಿದರು. ಯಾವನೋ ಬಿಳಿ ದೊರೆ ನೂರು ವರ್ಷದ ಹಿಂದೆ ಬರೆದ ಪುಸ್ತಕದ ಚಿತ್ರವಂತೆ. ಸೊಂಟಕ್ಕೆ ಸೊಪ್ಪು ಕಟ್ಟಿ ನಿಂತ ನಮ್ಮ ಕೊರಗರ ಹೆಂಗಸು. ಜೆರಾಕ್ಸಿನಲ್ಲಿ ಅವಳ ಮುಖ ಮಸಿಯಾಗಿತ್ತು, ಸೊಪ್ಪು ಮಾತ್ರ ಎಲೆ ಎಲೆಯಾಗಿ ಕಾಣುತ್ತಿತ್ತು.

ನಾಡಿದ್ದು ಅವರ ವಿಭಾಗದ ವಿಚಾರ ಸಂಕಿರಣ. ವಸಾಹತುಶಾಹಿಯಿಂದ ಬುಡಕಟ್ಟು ಸಂಸ್ಕೃತಿ ಹೇಗೆ ಹಾಳಾಯಿತು, ಸಾಹಿತ್ಯದಲ್ಲಿ ಅದು ಹೇಗೆ ಬಂದಿದೆ ಎಂಬುದೇ ವಿಷಯ. ಉದ್ಘಾಟನೆಗೆ ನಾನು ಆ ಚಿತ್ರದ ಹೆಂಗಸಿನ ಹಾಗೆ ಸೊಪ್ಪು ಉಟ್ಟು ವೇದಿಕೆಯಲ್ಲಿ ನಿಲ್ಲಬೇಕು, ನನ್ನ ಅಪ್ಪ ಶೀನ ಡೋಲು ಬಾರಿಸಬೇಕು. ಬೈಯುವುದು ಬ್ರಿಟಿಷರನ್ನು, ಹಿಡಿದುಕೊಂಡದ್ದು ಬ್ರಿಟಿಷರದೇ ಚಿತ್ರ! ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

"ನಾನು ಉಡುವುದಿಲ್ಲ ಸರ್."

"ನಿಮ್ಮದೇ ಸಂಸ್ಕೃತಿ ಅಲ್ವಾ ಮಾರಾಯ್ತಿ? ನಾಚಿಕೆ ಎಂತದು?"

ಸಂಸ್ಕೃತಿಯಂತೆ! ಊರ ಜಮೀನ್ದಾರರ ಗುತ್ತಿನ ಮನೆಯ ಅಂಗಳಕ್ಕೆ ಸೀರೆ ಉಟ್ಟು ಹೋದದ್ದಕ್ಕೆ ನನ್ನ ಅಜ್ಜಿಯ ಅಮ್ಮನಿಗೆ ಧಣಿಗಳು ಮರ್ಯಾದೆ ಕಲಿಸಿದ್ದರು, ಬಾರುಕೋಲಿನಲ್ಲಿ. ಸೊಪ್ಪು ನಾವು ಆರಿಸಿ ಉಟ್ಟದ್ದಲ್ಲ. ಅದನ್ನೆಲ್ಲ ಹೇಳುವಷ್ಟರಲ್ಲಿ ಸರ್ ಮೆಟ್ಟಿಲಿಳಿದು ಹೋಗಿದ್ದರು. ಕೆಲಸದವರ ಮೇಸ್ತ್ರಿ ಚೆನ್ನಪ್ಪ ಬಂದು ನನ್ನ ಬಕೆಟ್ಟನ್ನು ಕಾಲಿನಿಂದ ಒದ್ದ.

"ಬೇವರ್ಸಿ, ಸೊಪ್ಪು ಉಡಲಿಕ್ಕೆ ನಿನಗೆಂತ ರೋಗ? ನಾಡಿದ್ದು ಸೊಪ್ಪು ಇಲ್ಲದಿದ್ದರೆ ಮರುದಿನದಿಂದ ಕೆಲಸವೂ ಇಲ್ಲ, ತಿಳಿಯಿತಾ?"

ಎಂಟು ವರ್ಷದ ಕೆಲಸ. ಚೆಲ್ಲಿದ ನೀರನ್ನು ನಾನೇ ಒರೆಸಿದೆ.

ಮರುದಿನ ಭಾನುವಾರ. ಬೆಳಿಗ್ಗೆ ಅಪ್ಪನಿಗೆ ವಿಷಯ ಹೇಳಿದೆ. ಅವನು ಕಾಡುಬಳ್ಳಿಯ ಬೀಳಿನಲ್ಲಿ ಬುಟ್ಟಿ ಹೆಣೆಯುತ್ತಲೇ ಇದ್ದ. ಮಧ್ಯಾಹ್ನ ಸರ್ ಹಿರಿಯಡ್ಕದ ಆಚೆ ಇರುವ ನಮ್ಮ ಮನೆಗೇ ಬಂದರು. ಜೊತೆಗೆ ಟೇಪ್ ರೆಕಾರ್ಡರ್ ಹಿಡಿದ ಜೆಸ್ಸಿ ಮೇಡಂ, ಅವರ ಕೈಕೆಳಗಿನ ಲೆಕ್ಚರರ್. ಚಾಪೆ ಹಾಸಿದೆ. ಮೇಡಂ ಕೂತರು. ಸರ್ ನಿಂತೇ ಇದ್ದರು.

"ಬ್ರಿಟಿಷರು ನಿಮ್ಮ ಸಂಸ್ಕೃತಿಯನ್ನು ಹೇಗೆ ನಾಶ ಮಾಡಿದರು, ಹೇಳು ಶೀನ."

"ಬ್ರಿಟಿಷರು ನಮ್ಮ ಗುಡಿಸಲಿಗೆ ಬರಲಿಲ್ಲ ಧಣಿ," ಎಂದ ಅಪ್ಪ. "ಬಂದದ್ದು ಗುತ್ತಿನವರು."

"ಅದು ಬೇರೆ ವಿಷಯ. ಜೆಸ್ಸಿ, ಆಫ್ ಮಾಡಿ." ಸರ್ ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಂಡರು. "ಹೋಗಲಿ, ಮನೆಗೆ ಬಂದವರನ್ನು ನಿಮ್ಮ ಭಾಷೆಯಲ್ಲಿ ಹೇಗೆ ಸ್ವಾಗತ ಮಾಡ್ತೀರಿ? ನಾಳೆ ನಾನು ಅದರಲ್ಲೇ ಶುರು ಮಾಡಬೇಕು ಅಂತ ಉಂಟು."

ನಮ್ಮ ಮನೆಗೆ ಬರುವವರು ಯಾರಿದ್ದರು, ಸ್ವಾಗತದ ಮಾತು ಇರಲಿಕ್ಕೆ? ಅಪ್ಪ ಬೀಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ. ಮೆಲ್ಲಗೆ ಒಂದು ಮಾತು ಹೇಳಿದ. ಮೇಡಂ ಬರೆದುಕೊಂಡರು. ಸರ್ ಮೂರು ಸಲ ಹೇಳಿ ಕಲಿತರು.

ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ನೀವೂ ಅದನ್ನು ಪುಸ್ತಕಕ್ಕೆ ಹಾಕುತ್ತೀರಿ. ಹಿಂದೆ ಧಣಿಗಳ ಮನೆಯಲ್ಲಿ ಅನ್ನಕ್ಕೆ ತಮ್ಮ ಕೂದಲು, ಉಗುರು ಕಲಸಿ ನಮ್ಮವರಿಗೆ ತಿನ್ನಿಸುತ್ತಿದ್ದರು, ಅವರ ಮಕ್ಕಳ ರೋಗ ನಮಗೆ ದಾಟಲಿ ಎಂದು. ಅಪ್ಪನೂ ಚಿಕ್ಕವನಿದ್ದಾಗ ತಿಂದಿದ್ದಾನೆ. ಆ ತುತ್ತು ನುಂಗುವಾಗ ನಮ್ಮವರು ತಲೆ ತಗ್ಗಿಸಿ ಹಲ್ಲಿನೊಳಗೇ ಹೇಳುತ್ತಿದ್ದ ಬೈಗುಳ ಅದು. ಎಂತ ಗೊಣಗ್ತೀಯಾ ಎಂದು ಧಣಿ ಕೇಳಿದರೆ, ಆಶೀರ್ವಾದ ಧಣಿ ಎನ್ನುತ್ತಿದ್ದರಂತೆ.

ಸರ್ ಹೋದ ಮೇಲೆ ಕೇಳಿದೆ, "ಅಪ್ಪಾ, ಎಂತ ಮಾಡಿದಿ ನೀನು?"

"ಕೇಳಿದ್ರು, ಕೊಟ್ಟೆ," ಎಂದು ಅಪ್ಪ ಮತ್ತೊಂದು ಬೀಳು ಎತ್ತಿಕೊಂಡ.

ಸಂಕಿರಣದ ದಿನ ನಾನು ಕಾಲೇಜಿನ ನೀಲಿ ಯೂನಿಫಾರ್ಮ್ ಸೀರೆಯಲ್ಲೇ ವೇದಿಕೆ ಹತ್ತಿದೆ. ರವಿಕೆಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿದ್ದೆ. ಪರದೆಯ ಮರೆಯಿಂದ ಚೆನ್ನಪ್ಪ ಹಲ್ಲು ಕಡಿದ, "ಸೊಪ್ಪು ಎಲ್ಲಿ ರಂಡೆ?" ಆದರೆ ಸರ್ ಆಗಲೇ ಮೈಕಿನ ಮುಂದೆ ನಿಂತಾಗಿತ್ತು. ಲಂಡನ್ನಿನಿಂದ ಬಂದ ಅತಿಥಿ, ದೊಡ್ಡ ದೊಡ್ಡ ಪ್ರೊಫೆಸರುಗಳು ಸಾಲಾಗಿ ಕೂತಿದ್ದರು.

ಸರ್ ಅವರ ಕಡೆಗೆ ತಿರುಗಿ ಕೈಮುಗಿದು, ಆ ಮಾತನ್ನು ಗಟ್ಟಿಯಾಗಿ ಹೇಳಿದರು. "ಇದು ಬ್ರಿಟಿಷರಿಗೂ ಅಳಿಸಲಿಕ್ಕಾಗದ ಮೂಲನಿವಾಸಿಗಳ ಸ್ವಾಗತದ ಮಾತು. ಎಲ್ಲರೂ ನನ್ನ ಜೊತೆ ಹೇಳಿ."

ನಾನೂರು ಜನ ಕೈಮುಗಿದು ಒಟ್ಟಿಗೆ ಹೇಳಿದರು. ಲಂಡನ್ನಿನವನು ತಡವರಿಸುತ್ತ ತಿರುಗಿ ಸರ್‌ಗೇ ಹೇಳಿದ. ಅಯ್ಯೋ ದೇವರೇ, ನನ್ನ ಹೊಟ್ಟೆ ತಣ್ಣಗಾಯಿತು! ಆ ಅನ್ನ ತಿಂದು ಸತ್ತವರೆಲ್ಲ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಬೇಕಿತ್ತು ಅನ್ನಿಸಿತು. ಅಪ್ಪ ಡೋಲಿನ ಮೇಲೆ ಕೈಯಿಟ್ಟು, ಮುಖದಲ್ಲಿ ಏನೂ ತೋರಿಸದೆ ಕೂತಿದ್ದ.

ಅಷ್ಟಕ್ಕೇ ಬಿಡಬಹುದಿತ್ತು. ಸರ್ ಬಿಡಲಿಲ್ಲ.

"ಅರ್ಥವನ್ನು ನಮ್ಮ ಬೇಬಿಯೇ ಹೇಳ್ತಾಳೆ," ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಹಲ್ಲಿನ ಸಂದಿಯಲ್ಲಿ, "ಸೀರೆಯ ವಿಷಯ ಆಮೇಲೆ ನೋಡಿಕೊಳ್ತೇನೆ," ಎಂದರು.

ಕೆಲಸ ಹೇಗೂ ಹೋಗಿತ್ತು. ನಾನು ಮೈಕನ್ನು ಬಾಯಿಯ ಹತ್ತಿರ ತಂದೆ.

"ನಿನ್ನ ಹೇಲು ನೀನೇ ತಿನ್ನು, ನಿನ್ನ ವಂಶ ಹುಳ ಬಿದ್ದು ಸಾಯಲಿ. ಇದೇ ಅರ್ಥ."

ಯಾರೋ ನಗಲು ಹೋಗಿ ಕೆಮ್ಮಿದರು. ಜೆಸ್ಸಿ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಮುಂದಿನ ಸಾಲಿನವರ ಮುಗಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಸರ್ ಮೈಕಿಗೆ ಕೈ ಹಾಕಿದರು. ನಾನು ಬಿಡಲಿಲ್ಲ.

"ಉಚ್ಚಾರ ಮಾತ್ರ ಸ್ವಲ್ಪ ತಪ್ಪಿತು ಸರ್," ಎಂದೆ. "ಇನ್ನೊಮ್ಮೆ ಹೇಳಿ."