ಎರಡನೇ ದಿನದ ಡ್ರಮ್ಸ್

ರಾಕ್ ಸಂಗೀತಗಾರರ ಮೇಲೆ ಸಾಕ್ಷ್ಯಚಿತ್ರ ತೆಗೆಯುವುದು, ಅವರ ಬಗ್ಗೆ ಪುಸ್ತಕ ಬರೆಯುವುದು ನನ್ನ ಹೊಟ್ಟೆಪಾಡು. ಇಷ್ಟು ವರ್ಷದಲ್ಲಿ ಹನ್ನೊಂದು ಚಿತ್ರ, ಮೂರು ಪುಸ್ತಕ ಆಗಿವೆ. ನನಗೆ ಗಿಟಾರ್ ಹಿಡಿಯಲು ಬಾರದು, ಹಾಡಿದರೆ ಮನೆಯವರೇ ಎದ್ದು ಹೋಗುತ್ತಾರೆ. ಆದರೂ ಯಾರು ಚೆನ್ನಾಗಿ ಬಾರಿಸುತ್ತಾರೆ, ಯಾರು ಬರೀ ಕೂದಲು ಕೊಡವುತ್ತಾರೆ ಎಂದು ತೀರ್ಪು ಕೊಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೇನೆ. ನನ್ನ ಕಿವಿಯ ಬಗ್ಗೆ ನನಗೆ ಬಹಳ ಗರ್ವವಿತ್ತು.

ನನ್ನ ಹೆಸರು ನಿಂತಿರುವುದು ಮೊದಲ ಚಿತ್ರದ ಆರು ನಿಮಿಷದ ಮೇಲೆ. ನಮ್ಮ ಬೀದಿಯ ಹುಡುಗರೇ ಕಟ್ಟಿದ ತಂಡ ಅದು. ಡ್ರಮ್ಸ್ ಬಾರಿಸುವವನನ್ನು ಎಲ್ಲರೂ ಗುಡುಗು ಎಂದು ಕರೆಯುತ್ತಿದ್ದರು. ಆ ಆರು ನಿಮಿಷ ಗುಡುಗು ಒಬ್ಬನೇ ಬಾರಿಸುತ್ತಾನೆ. ಪರದೆ ತುಂಬ ಅವನ ಬೆವರಿದ ಮುಖ. ಕೈಗಳು ಕಾಣುವುದು ಅಪರೂಪ. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಕೈ ಬಿಟ್ಟು ಮುಖ ನೋಡುವ ಧೈರ್ಯ ಈ ನಿರ್ದೇಶಕನಿಗಿದೆ ಎಂದು ಬರೆದರು. ನಾನೂ ಹೋದಲ್ಲೆಲ್ಲ ಅದನ್ನೇ ಉಪದೇಶ ಮಾಡಿದೆ.

ಅಸಲಿ ಕಾರಣ ಹೇಳಿದರೆ ನಗುತ್ತೀರಿ. ಅದು ಎರಡು ದಿನದ ಕಾರ್ಯಕ್ರಮ. ಮೊದಲ ದಿನ ದೃಶ್ಯ ಚೆನ್ನಾಗಿ ಬಂತು, ಆದರೆ ಸಭಾಂಗಣದ ವೈರಿಂಗ್ ಕೆಟ್ಟಿದ್ದರಿಂದ ಧ್ವನಿಯ ತುಂಬ ಗುಂಯ್ ಎನ್ನುವ ಸದ್ದು. ಎರಡನೇ ದಿನ ಕ್ಯಾಮೆರಾ ಕೈಕೊಟ್ಟಿತು. ನಾನು ಅದನ್ನು ಹೊತ್ತು ಪಕ್ಕದ ಊರಿನ ರಿಪೇರಿಯವನ ಹತ್ತಿರ ಓಡಿದೆ; ಧ್ವನಿ ಹಿಡಿಯುವವನು ಮಾತ್ರ ಸಭಾಂಗಣದಲ್ಲಿ ಉಳಿದ. ಆ ದಿನದ ಧ್ವನಿ ಅಪ್ಪಟವಾಗಿತ್ತು. ಮೊದಲ ದಿನದ ದೃಶ್ಯಕ್ಕೆ ಎರಡನೇ ದಿನದ ಧ್ವನಿ ಕೂರಿಸಿದೆ. ನಮ್ಮ ಕಸುಬಿನಲ್ಲಿ ಇದನ್ನು ಎಲ್ಲರೂ ಮಾಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಕೋಲಿನ ಪೆಟ್ಟು ಧ್ವನಿಗೆ ಹೊಂದಿದ ಕಡೆ ಕೈ ತೋರಿಸಿದೆ, ಹೊಂದದ ಕಡೆ ಮುಖ ಹಾಕಿದೆ. ಹೊಂದದ ಕಡೆಯೇ ಜಾಸ್ತಿ ಇತ್ತು. ನಾಲ್ಕು ತಿಂಗಳು ಅದೇ ಆರು ನಿಮಿಷ ಕೇಳಿ ಕೇಳಿ ಜೋಡಿಸಿದ್ದೆ.

ಆ ಚಿತ್ರ ಹುಟ್ಟಿದ ಕತೆಯನ್ನೇ ನಾಲ್ಕನೇ ಪುಸ್ತಕ ಮಾಡಲು ಹೊರಟಿದ್ದೆ. ಬರೆದು ಮುಗಿದಿತ್ತು. ಗುಡುಗು ಈಗ ದೊಡ್ಡ ಮನುಷ್ಯ, ಅವನ ಮುನ್ನುಡಿಯೂ ಬಂದಿತ್ತು. ಒಂದೆರಡು ವಿವರ ಖಚಿತ ಮಾಡಿಕೊಳ್ಳೋಣವೆಂದು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿ, ಒಂದು ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಎರಡನೇ ದಿನದ ಟೇಪಿನಲ್ಲಿ ಹಾಡುಗಳ ನಡುವಿನ ಖಾಲಿ ಜಾಗವನ್ನು ನಾನು ಎಂದೂ ಕೇಳಿರಲಿಲ್ಲ. ಚಿತ್ರಕ್ಕೆ ಬೇಡದ್ದು, ಜೋಡಿಸಲು ಕೂತಾಗ ಕೇಳದೆಯೇ ಬಿಟ್ಟಿದ್ದೆ. ಡ್ರಮ್ಸ್ ಹತ್ತಿರದ ಮೈಕಿನಲ್ಲಿ ಒಂದು ಹೆಣ್ಣುದನಿ ಮೆಲ್ಲಗೆ ಗಿಟಾರಿನವನಿಗೆ ಹೇಳಿತು:

“ಓಡಬೇಡ ಕಣೋ. ನಿಧಾನ. ಹಿಂದೆ ನಾನಿದೀನಿ.”

ಆಮೇಲೆ ನಾಲ್ಕು ಸಲ ಕೋಲಿಗೆ ಕೋಲು ಬಡಿದ ಸದ್ದು. ಆಮೇಲೆ ಹಾಡು, ಅದರ ನಡುವೆ ಆ ಆರು ನಿಮಿಷ.

ದನಿ ನನ್ನ ಅಕ್ಕನದು. ಅಕ್ಕ ಮತ್ತು ಗುಡುಗು ಒಂದೇ ಶೆಡ್ಡಿನಲ್ಲಿ, ಒಂದೇ ಹಳೆಯ ಡ್ರಮ್ಸ್ ಮೇಲೆ ಕಲಿತವರು. ಕೆಲಸ ಸಿಕ್ಕಮೇಲೆ ಅವಳು ಬಿಟ್ಟಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ತಕ್ಷಣ ಗುಡುಗಿಗೆ ಫೋನ್ ಮಾಡಿದೆ. ಟೇಪಿನ ಆ ದನಿಯನ್ನು ಅವನಿಗೆ ಕೇಳಿಸಿದೆ.

“ಅವತ್ತು ನಂಗೆ ನೂರಾಮೂರು ಜ್ವರ,” ಎಂದ. “ಪೋಸ್ಟರಲ್ಲಿ ಇರೋರು ಒಬ್ರು ಕಡಿಮೆ ಆದ್ರೂ ಕಾರ್ಯಕ್ರಮ ಇಲ್ಲ ಅಂದಿದ್ದ ಹಾಲ್ ಮ್ಯಾನೇಜರು. ನಿಮ್ಮಕ್ಕ ನನ್ನ ಟೋಪಿ ಹಾಕ್ಕೊಂಡು ಕೂತ್ಲು. ಹಿಂದಿನ ಲೈಟ್ ಆರಿಸಿದ್ವಿ.”

“ಇಷ್ಟು ವರ್ಷ ಹೇಳ್ಬಾರದಿತ್ತಾ?”

“ಯಾರಿಗೆ? ನಿಂಗಾ? ಸ್ವಂತ ತಮ್ಮ ನೀನು. ನಿಂಗೆ ಗೊತ್ತಿಲ್ಲ ಅಂತ ಯಾರು ಅಂದ್ಕೋತಾರೆ? ನೋಡು, ಅದನ್ನ ಬರೆಯೋದಾದ್ರೆ ನನ್ನ ಮುನ್ನುಡಿ ತೆಗೆದುಬಿಡು. ಈ ವಯಸ್ಸಲ್ಲಿ ನಂಗೆ ನಗೆಪಾಟಲು ಬೇಡ.”

ಫೋನ್ ಇಟ್ಟ. ಬರೆದರೆ ಅವನ ಹೆಸರಿಗೆ ಕಲೆ, ನನ್ನ ಉಪದೇಶಗಳಿಗೂ ಕಲೆ. ಬರೆಯದಿದ್ದರೆ ಅಕ್ಕನ ಆರು ನಿಮಿಷ ಇನ್ನೊಬ್ಬನ ಮುಖದ ಕೆಳಗೇ ಉಳಿಯುತ್ತದೆ. ಬರೆಯುವುದೆಂದು ಅಕ್ಕನ ಅಂಗಡಿಗೆ ಹೊರಟ ಬಸ್ಸಿನಲ್ಲಿ ಕೂತಾಗಲೇ ನಿರ್ಧಾರ ಮಾಡಿದೆ. ಒಳ್ಳೆಯತನದಿಂದೇನಲ್ಲ. ಇಪ್ಪತ್ತಾರು ವರ್ಷದ ನಂತರ ಸತ್ಯವನ್ನು ಅಗೆದು ತೆಗೆದ ನಿರ್ದೇಶಕ, ಟೋಪಿಯ ಮರೆಯಲ್ಲಿ ಕಳೆದುಹೋದ ಅಕ್ಕ! ಅಧ್ಯಾಯ ತಲೆಯಲ್ಲಿ ತಾನಾಗಿ ಬರೆದುಕೊಳ್ಳುತ್ತಿತ್ತು. ನನ್ನ ಸ್ಟಾಪ್ ದಾಟಿಹೋಗಿ ಒಂದು ಫರ್ಲಾಂಗು ಹಿಂದೆ ನಡೆದೆ.

ಅಕ್ಕನದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಪರದೆಯ ಆಚೆ ಗಾಜು ಉಜ್ಜುವ ಯಂತ್ರ. ನಾನು ಹೋದಾಗ ಒಂದು ಗಾಜಿನ ಅಂಚು ಉಜ್ಜಿ, ಬೆಳಕಿಗೆ ಹಿಡಿದು, ಮತ್ತೆ ಉಜ್ಜುತ್ತಿದ್ದಳು. ಯಂತ್ರ ನಿಲ್ಲಿಸದೆಯೇ, “ಏನೋ, ದಾರಿ ತಪ್ಪಿ ಬಂದ್ಯಾ?” ಎಂದಳು. ನಾನು ವರ್ಷಕ್ಕೆ ಒಂದು ಸಲ ಬರುವವನು. ಅವಳು ನಮ್ಮ ಮನೆಗೆ ಅದಕ್ಕಿಂತ ಕಡಿಮೆ. ಅಕ್ಕನಿಗೆ ಮೊದಲಿಂದಲೂ ಮಾತು ಕಮ್ಮಿ ಎಂದು ನನ್ನ ಹೆಂಡತಿಗೆ ಸಮಜಾಯಿಷಿ ಕೊಡುತ್ತ ಬಂದಿದ್ದೆ.

ಫೋನಿಗೆ ಹಾಕಿಕೊಂಡು ಬಂದಿದ್ದ ಆ ಧ್ವನಿ ಹಚ್ಚಿ, ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಅವಳು ಯಂತ್ರ ಆರಿಸಿದಳು. ಆರು ನಿಮಿಷವನ್ನೂ ಪೂರ್ತಿ ಕೇಳಿದಳು. ಒಂದು ಕಡೆ ಮಾತ್ರ ಮೂಗು ಮುರಿದು, “ಇಲ್ಲಿ ಅವಸರ ಮಾಡಿದೀನಿ,” ಎಂದಳು.

“ಅಕ್ಕ, ಇದು ನೀನು ಅಂತ ನಂಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ.”

ಅವಳು ಹೆಡ್‌ಫೋನ್ ತೆಗೆದಳು. “ಏನಂದೆ?”

“ಗೊತ್ತಿರ್ಲಿಲ್ಲ. ನಾನು ಊರಲ್ಲೇ ಇರ್ಲಿಲ್ಲ ಅವತ್ತು.”

“ನಾನು ಚಿತ್ರ ನೋಡೋಕೆ ಬಂದಿದ್ನಲ್ಲ, ಮೂರನೇ ಸಾಲಲ್ಲಿ ಕೂತಿದ್ದೆ,” ಎಂದಳು. “ನಾನು ಬಾರಿಸಿದ್ದಕ್ಕೆ ಅವನ ಮುಖ. ಧ್ವನಿಯವನು ನಿಂಗೆ ಹೇಳಿರ್ತಾನೆ, ನೀನು ಬೇಕಂತಲೇ ಮುಚ್ಚಿಟ್ಟಿದೀಯ ಅಂದ್ಕೊಂಡೆ. ಹೋಗ್ಲಿ, ನನ್ನ ತಮ್ಮ ಮುಂದೆ ಬರ್ತಾನೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಸಿಟ್ಟಿತ್ತು. ಆದ್ರೆ ಆ ಸಿಟ್ಟು ಹೊತ್ಕೊಳ್ಳೋದು ಸುಲಭ ಇತ್ತು ಕಣೋ. ಕಳ್ಳನಾದ್ರೂ ಗುರುತು ಹಿಡಿದು ಕದ್ದಿದ್ದಾನಲ್ಲ ಅಂತ.”

ಅವಳು ಹೆಡ್‌ಫೋನಿನ ತಂತಿ ಸುತ್ತಿ ನನ್ನ ಕೈಗಿಟ್ಟಳು.

“ಶೆಡ್ಡಲ್ಲಿ ನಾನು ಬಾರಿಸೋವಾಗ ನೀನು ಬಾಗಿಲಲ್ಲಿ ಕೂತು ಕೇಳ್ತಿದ್ದೆ. ದಿನಾ. ಆಮೇಲೆ ನಾಲ್ಕು ತಿಂಗಳು ಆ ಸದ್ದಿನ ಜೊತೆನೇ ಕೂತಿದ್ದೆ. ಗೊತ್ತೇ ಆಗ್ಲಿಲ್ವಾ?”

ಗೊತ್ತಾಗಲಿಲ್ಲ ಎಂದೆ. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಪುಸ್ತಕದಲ್ಲಿ ಎಲ್ಲ ಬರೆಯುತ್ತೇನೆ, ಗುಡುಗು ಏನಾದರೂ ಮಾಡಿಕೊಳ್ಳಲಿ ಎಂದು ಬಡಬಡಿಸಿದೆ.

“ಬರಿ,” ಎಂದಳು. “ಆದ್ರೆ ನೀನು ಕಂಡುಹಿಡಿದೆ ಅಂತ ಬರೀಬೇಡ. ಗುರುತು ಸಿಗಲಿಲ್ಲ ಅಂತ ಬರಿ.”

ಯಾರೋ ಗಿರಾಕಿ ಬಂದರು. ಅವಳು ಪರದೆ ಸರಿಸಿ ಹೊರಗೆ ಹೋದಳು.

ಮನೆಗೆ ಬಂದು, ಬಸ್ಸಿನಲ್ಲಿ ಕಟ್ಟಿದ ಅಧ್ಯಾಯವನ್ನು ತಲೆಯಿಂದ ಕಿತ್ತುಹಾಕಿದೆ. ಮುಖ ಮತ್ತು ಕೈಯ ಉಪದೇಶವನ್ನೂ, ಮುನ್ನುಡಿಯನ್ನೂ ತೆಗೆದೆ. ಪ್ರಕಾಶಕಿ ಫೋನಿನಲ್ಲಿ ಉಗಿದರು, ಉಗಿಸಿಕೊಂಡೆ. ಮೂರು ವಾರವಾಯಿತು. ಹೊಸ ಅಧ್ಯಾಯ ಕೇವಲ ನಾಲ್ಕು ಪುಟ. ಅಚ್ಚಿಗೆ ಕೊಡುವ ಮೊದಲು ಅಕ್ಕನ ಅಂಗಡಿಗೆ ಒಯ್ದೆ.

ಅವಳು ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು: “ನನ್ನ ಅಕ್ಕ ಬಾರಿಸಿದ್ದನ್ನು ನಾಲ್ಕು ತಿಂಗಳು ಕೇಳಿದೆ, ಅವಳೆಂದು ನನಗೆ ತಿಳಿಯಲಿಲ್ಲ.” ಅಳತೆ ಗುರುತು ಹಾಕುವ ಪೆನ್ಸಿಲನ್ನು ತೆಗೆದುಕೊಂಡು ‘ನಾಲ್ಕು ತಿಂಗಳು’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದಳು. ಮೇಲೆ ‘ಇಪ್ಪತ್ತಾರು ವರ್ಷ’ ಎಂದು ಬರೆದು, ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು.