ಕವರಿನ ಒಳಮೈ

ರಾತ್ರಿ ಹನ್ನೊಂದೂವರೆಗೆ ಮುಂದಿನ ಕೋಣೆಯಿಂದ 'ಟಪ್' ಎಂದು ಒಂದು ಸಣ್ಣ ಸದ್ದು ಕೇಳಿಸಿತು. ಬೇರೆಯವರಾಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ನಾನು ಅಡುಗೆಮನೆಯ ಗ್ಯಾಸು, ಹಿಂಬಾಗಿಲ ಚಿಲಕ, ಬಚ್ಚಲಿನ ನಲ್ಲಿ ಮೂರನ್ನೂ ಮನಸ್ಸಿನಲ್ಲೇ ಮುಟ್ಟಿ ಬಂದೆ. ಯಾವುದೂ ಟಪ್ ಎನ್ನುವಂಥದ್ದಲ್ಲ. ಮತ್ತೊಮ್ಮೆ ಕೇಳಿಸಿತು. ಎದ್ದು ಕೂತೆ.

"ಕಳ್ಳ ಆದ್ರೆ ಸ್ಕೇಲಲ್ಲಿ ಹೊಡಿ," ಎಂದರು ಗಂಡ, ಕಣ್ಣು ತೆರೆಯದೆ. ಹಿಂದೆಯೇ ಗೊರಕೆ ಮುಂದುವರಿಯಿತು.

ಈ ಮನೆಯಲ್ಲಿ ನನ್ನ ಅಡ್ಡಹೆಸರೇ ಸ್ಕೇಲು. ಇಟ್ಟವರು ಅತ್ತೆ. ಕಳೆದ ನಾಲ್ಕು ದಿನಗಳಲ್ಲಂತೂ ಆ ಹೆಸರಿಗೆ ಬಿಡುವೇ ಇರಲಿಲ್ಲ. ಬೆಳಗಾದರೆ ನಾದಿನಿಯ ಮದುವೆಯ ಊಟ. ಬರುವ ಅರವತ್ತು ಹೆಂಗಸರಿಗೆ ಕೊಡಲು ಅತ್ತೆ ಉಳಿದ ತುಂಡು ಬಟ್ಟೆಗಳಲ್ಲಿ ಅರವತ್ತು ಕರವಸ್ತ್ರ ಹೊಲಿದಿದ್ದರು. ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದ ಕೈ ಅದು. ಅವುಗಳನ್ನು ಇಟ್ಟು ಕೊಡಲು ಡಬ್ಬಿಗಳ ಬೆಲೆ ಕೇಳಿಕೊಂಡು ಬಂದ ನಾದಿನಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಮೂಗಿಗಿಂತ ಮೂಗುತಿ ಭಾರ ಕಣಮ್ಮಾ. ಕರವಸ್ತ್ರ ಸುತ್ತಿ ಕೈಗೆ ಕೊಟ್ಟುಬಿಡೋಣ."

ಸುತ್ತಿ ಕೊಡುವುದೇ? ನನಗೆ ತಡೆಯಲಾಗಲಿಲ್ಲ. ಕಾಗದದ ಕವರು ನಾನು ಮಾಡುತ್ತೇನೆ ಎಂದು ಬಾಯಿ ಬಿಟ್ಟೆ.

"ಅತ್ತೆ, ಬೀರು ಮೇಲಿರೋ ಕಾಗದ ತಗೊಳ್ಳಲಾ?" ಎಂದು ಕೇಳಿದಾಗ ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ತಗೋ, ತಗೋ. ರದ್ದಿಗೆ ಹಾಕ್ಬೇಕಿತ್ತು." ಬೀರುವಿನ ಮೇಲೆ ಎರಡು ಕಟ್ಟುಗಳಿದ್ದವು. ಒಂದು ಹಳೆಯ ಪತ್ರಿಕೆಗಳದು. ಇನ್ನೊಂದು ದಪ್ಪ ಕಂದು ಕಾಗದದ್ದು, ಅತ್ತೆಯ ಹೊಲಿಗೆ ಕಾಲದ ಕಟಿಂಗ್ ಮಾದರಿಗಳು. ಉಡುಗೊರೆಗೆ ಕಂದು ಕಾಗದವೇ ಲಕ್ಷಣ ಎನಿಸಿತು. ಒಂದು ಬದಿಯಲ್ಲಿ ಪೆನ್ಸಿಲಿನ ಗೆರೆ, ಅಂಕಿ ಏನೇನೋ ಇದ್ದವು. ಆ ಬದಿ ಒಳಗೆ ಹೋಗಲಿ ಎಂದುಕೊಂಡೆ.

ಇಪ್ಪತ್ತೆರಡು ಸೆಂಟಿಮೀಟರಿನ ಚೌಕ. ಮೂಲೆ ನಮ್ಮ ಕಡೆ ಬರುವಂತೆ ಇಟ್ಟುಕೊಂಡು, ಎಡ ಬಲದ ಮೂಲೆಗಳನ್ನು ನಡುವಿಗೆ ಮಡಿಸಿ, ಕೆಳಗಿನದನ್ನು ಅವುಗಳ ಮೇಲೆ ತಂದು ಮೈದಾ ಅಂಟು ಹಚ್ಚುವುದು. ಮೇಲಿನ ಮೂಲೆಯೇ ಮುಚ್ಚಳ. ಮಡಿಕೆಯ ಮೇಲೆ ಚಮಚದ ಬೆನ್ನು ಎಳೆದರೆ ಅಂಗಡಿಯದಕ್ಕಿಂತ ಚೂಪಾಗುತ್ತದೆ. ಪ್ರತಿಯೊಂದನ್ನೂ ಅಳೆದೆ.

"ಒಂದು ಕೂದಲೆಳೆ ಜಾಸ್ತಿ ಆದ್ರೆ ಕರವಸ್ತ್ರಕ್ಕೆ ನೆಗಡಿ ಆಗುತ್ತೇನೇ, ಸ್ಕೇಲು?" ಎಂದು ಅತ್ತೆ ಕೆಣಕಿದರು.

"ನನ್ನ ಮದುವೆ ಬಟ್ಟೆ ನೀವೇ ಅಲ್ವಾ ಹೊಲಿದಿದ್ದು? ಪೂರ್ತಿ ಎರಡು ಇಂಚು ದೊಗಳೆ. ಅವತ್ತು ಅಳೆಯೋದಕ್ಕೆ ನಾನಿದ್ದಿದ್ರೆ ಚೆನ್ನಾಗಿತ್ತು."

ಹನ್ನೊಂದು ವರ್ಷಗಳಿಂದ ನಾನು ತಮಾಷೆಯ ಧಾಟಿಯಲ್ಲಿ ಹೇಳುತ್ತ ಬಂದ ಮಾತು. ಪೂರ್ತಿ ತಮಾಷೆಯಲ್ಲ. ಊರಿಗೆಲ್ಲ ಕೂತ ಹಾಗೆ ಹೊಲಿದವರು ನನ್ನೊಬ್ಬಳಿಗೆ ಯಾಕೆ ತಪ್ಪಿದರು ಎಂಬ ಪ್ರಶ್ನೆ ನನ್ನಲ್ಲಿ ಉಳಿದುಬಿಟ್ಟಿತ್ತು. ಅತ್ತೆ ಎಂದಿನಂತೆ ನಕ್ಕು, ಸೂಜಿಗೆ ದಾರ ಪೋಣಿಸಿದರು.

ಈಗ ಮುಂದಿನ ಕೋಣೆಯ ದೀಪ ಹಾಕಿ ನೋಡಿದರೆ, ಅಂಟು ಸರಿಯಾಗಿ ಹಿಡಿಯದೆ ಎರಡು ಕವರುಗಳ ಮುಚ್ಚಳ ಎದ್ದು ನಿಂತಿದ್ದವು. ಒಂದನ್ನು ಕೈಗೆತ್ತಿಕೊಂಡೆ. ಒಳಗೆ, ಕರವಸ್ತ್ರದ ಹಿಂದೆ, ಪೆನ್ಸಿಲಿನಲ್ಲಿ ಅತ್ತೆಯ ದುಂಡು ಅಕ್ಷರ ಕಂಡಿತು: 'ಹೆಡ್‌ಮಿಸ್ಟ್ರೆಸ್. ಎಡ ಭುಜ ತಗ್ಗು. ಹತ್ತಿ ಇಟ್ಟು ಹೊಲಿ. ಕೇಳಿದರೆ ಇಟ್ಟಿಲ್ಲ ಅನ್ನು.'

ಇನ್ನೊಂದನ್ನು ತೆಗೆದೆ. 'ಔಷಧಿ ಅಂಗಡಿಯಾಕೆ. ಸೊಂಟ ೪೧. ಟೇಪೇ ಸುಳ್ಳು ಅಂತಾಳೆ. ಚೀಟಿಯಲ್ಲಿ ೩೬ ಬರಿ, ೪೧ಕ್ಕೆ ಹೊಲಿ.'

ಔಷಧಿ ಅಂಗಡಿಯಾಕೆ ಎಂದರೆ ಮದುಮಗನ ತಾಯಿ. ಬೆಳಗಾದರೆ ನಮ್ಮ ಬೀಗಿತ್ತಿ.

ಹೊರಮೈಯಲ್ಲಿ ಒಂದು ಕಲೆ ಇದೆಯೇ ಎಂದು ಮೂರು ಮೂರು ಸಲ ನೋಡಿದ ನಾನು ಒಳಮೈ ಓದಿರಲಿಲ್ಲ. ಅತ್ತೆಗೆ ಒಂದೇ ಒಂದು ಹೆಮ್ಮೆ: ನಲವತ್ತು ವರ್ಷದಲ್ಲಿ ಒಬ್ಬ ಹೆಂಗಸಿನ ಅಳತೆಯೂ ಅವರ ಬಾಯಿಂದ ಹೊರಬಿದ್ದಿಲ್ಲ. ಅಕ್ಕನ ಸೊಂಟ ಎಷ್ಟೆಂದು ತಂಗಿಯೇ ಬಂದು ಕೇಳಿದಾಗಲೂ "ನಂಗೆ ಲೆಕ್ಕ ಬರಲ್ಲಮ್ಮ" ಎಂದವರು. ಆ ನಲವತ್ತು ವರ್ಷವನ್ನು ನಾನು ಮಡಿಸಿ, ಅಂಟಿಸಿ, ಊಟದ ಹೊತ್ತಿಗೆ ಹಂಚಲು ಸಿದ್ಧ ಮಾಡಿಟ್ಟಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಕರವಸ್ತ್ರಕ್ಕೆ ಹೋಗುವುದರಲ್ಲಿತ್ತು.

ಅಡುಗೆಮನೆಗೆ ಹೋಗಿ ಕೆಟಲಿನಲ್ಲಿ ನೀರು ಕುದಿಸಿದೆ. ಆವಿ ಹಿಡಿದರೆ ಮೈದಾ ಅಂಟು ಬಿಡುತ್ತದೆ. ಮೂರನೆಯ ಕವರು ಬಿಚ್ಚುತ್ತಿರುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಏನೇ ಇದು? ಕವರಿಗೂ ಟೀ ಕುಡಿಸ್ತಿದ್ದೀಯಾ?"

ಬಿಚ್ಚಿದ ಮೂರು ಕಾಗದಗಳನ್ನೂ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಿಕೊಂಡು ಬಂದು ಓದಿದರು. ಸ್ಟೂಲನ್ನು ಹತ್ತಿರ ಎಳೆದುಕೊಂಡು ನಿಧಾನವಾಗಿ ಕುಳಿತರು.

"ನಾನು ಪೇಪರ್ ಕಟ್ಟು ಅಂದ್ಕೊಂಡಿದ್ದೆ ಕಣೇ. ಕಂದು ಕಾಗದ ಕಂಡಾಗ ನೀನು ಅಂಗಡಿಯಿಂದ ತಂದೆ ಅಂದ್ಕೊಂಡೆ."

"ನಾನು ಕೇಳ್ಬೇಕಿತ್ತು ಅತ್ತೆ. ಯಾವ ಕಟ್ಟು ಅಂತ ಕೇಳ್ಬೇಕಿತ್ತು. ಓದ್ಬೇಕಿತ್ತು. ನನ್ನ ತಪ್ಪು."

ಅವರು ಕಾಗದಗಳನ್ನು ಒಂದೊಂದಾಗಿ ಮತ್ತೆ ತಿರುವಿದರು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಬಗ್ಗಿ ನೋಡಿದರೆ, ನಗು.

"ಬೇಕರಿಯವಳಿಗೆ ಹೆಡ್‌ಮಿಸ್ಟ್ರೆಸ್ ಭುಜ, ಹೆಡ್‌ಮಿಸ್ಟ್ರೆಸ್‌ಗೆ ಬೀಗಿತ್ತಿ ಸೊಂಟ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಹಾಗೆ, ನಾಳೆ ಊಟದ ಮನೇಲಿ ಎಲ್ಲರೂ ಸೊಂಟ ಮುಟ್ಕೊಂಡೇ ಕೂತಿರೋರು."

"ನಗಬೇಡಿ ಅತ್ತೆ, ನಿಮ್ಮ ಮಗಳು ಎದ್ದುಬಿಡ್ತಾಳೆ."

"ಅಯ್ಯೋ, ಅವಳಿಗೆ ಗೊತ್ತಾದ್ರೆ ಮುಗೀತು. ಬಾಯಲ್ಲಿ ಎಳ್ಳು ನೆನೆಯಲ್ಲ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ರಬ್ಬರ್ ಎಲ್ಲಿಟ್ಟಿದ್ದೀಯಾ? ನಿನ್ನ ಹತ್ರ ಎರಡಿರುತ್ತೆ, ಗೊತ್ತು."

ಮೂರಿದ್ದವು. ಹೇಳಲಿಲ್ಲ.

ಯಾವುದರಲ್ಲಿ ಬರಹವಿದೆ, ಯಾವುದರಲ್ಲಿ ಬರೀ ಗೆರೆಯಿದೆ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಅರವತ್ತನ್ನೂ ಬಿಚ್ಚಬೇಕಾಯಿತು. ನಾನು ಆವಿ ಹಿಡಿದು ಬಿಡಿಸುವುದು, ಅತ್ತೆ ಓದಿ ಅಳಿಸುವುದು, ಮತ್ತೆ ನಾನು ಅಂಟಿಸುವುದು. ಓದುತ್ತ ಅವರು ಒಂದೂ ಅಳತೆ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಕತ್ತು ಚಾಚಿದರೆ ಕಾಗದ ತಿರುಗಿಸಿಕೊಂಡರು.

"ಯಾರದು ಅತ್ತೆ?"

"ಯಾರದೋ."

"ನಾನು ಆಗಲೇ ಮೂರು ಓದಿದ್ದೀನಲ್ಲ!"

"ಮರೆತುಬಿಡು. ಅಷ್ಟು ಓದಿದವಳು, ಒಂದಿಷ್ಟು ಮರೆಯೋದು ಕಲ್ತಿಲ್ವಾ?"

ನಾಲ್ಕು ಗಂಟೆಯ ಹೊತ್ತಿಗೆ ಎಂಟೋ ಒಂಬತ್ತೋ ಉಳಿದಿದ್ದವು. ಕೆಟಲಿನ ನೀರು ಮುಗಿದಿತ್ತು. ಅತ್ತೆ ಅದನ್ನು ತುಂಬಿಸಲು ಹಿತ್ತಲ ನಲ್ಲಿಗೆ ಹೋದರು, ಒಳಗಿನ ನಲ್ಲಿ ಸದ್ದು ಮಾಡುತ್ತದೆಂದು. ಆವಿ ತಾಗಿ ಸಡಿಲವಾಗಿದ್ದ ಒಂದು ಕವರು ನನ್ನ ಕೈಯಲ್ಲೇ ತಾನಾಗಿ ಬಿಚ್ಚಿಕೊಂಡಿತು. ಓದಬಾರದೆಂದುಕೊಂಡೆ. ಆದರೆ ಮೊದಲ ಪದ ಕಣ್ಣಿಗೆ ಬಿದ್ದುಬಿಟ್ಟಿತ್ತು.

'ಸೊಸೆ ಆಗೋಳು. ಎದೆ ೩೨. ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಪಾಪ. ಎರಡು ಇಂಚು ಹೆಚ್ಚು ಬಿಡು. ಮನೆಗೆ ಬಂದ ಮೇಲೆ ಉಸಿರು ಬಿಡಬೇಕಲ್ಲ.'

ಹಿತ್ತಲಲ್ಲಿ ಚಪ್ಪಲಿ ಸದ್ದಾಯಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಳೆಯದೆ ನಾನು ಮಡಿಸಿದ ಮೊದಲ ಕಾಗದ ಅದೇ ಇರಬೇಕು.

ಮರುದಿನ ಊಟದ ಮನೆಯಲ್ಲಿ ನಾನು ನೀರಿನ ಜಗ್ಗು ಹಿಡಿದು ಬೀಗಿತ್ತಿಯ ಹಿಂದೆಯೇ ಸುತ್ತುತ್ತಿದ್ದೆ. ಅವರು ಕವರು ತೆರೆದರು, ಕರವಸ್ತ್ರ ತೆಗೆದರು. ಅಲ್ಲಿಗೆ ಬಿಡಲಿಲ್ಲ, ಒಳಗೆ ಎರಡು ಬೆರಳು ಹಾಕಿ ಅಗಲಿಸಿ ಬೆಳಕಿಗೆ ಹಿಡಿದರು. ನನ್ನ ಕೈಯ ಜಗ್ಗು ವಾಲಿತು.

"ಒಳಗೂ ಎಷ್ಟು ಶುಭ್ರ! ಯಾರ ಕೈಕೆಲಸ?"

"ನಮ್ಮ ಸ್ಕೇಲಿಂದು," ಎಂದರು ಅತ್ತೆ.

"ನಿಮ್ಮ ಹಾಗೇ ಅಚ್ಚುಕಟ್ಟು. ಅಂದ್ಹಾಗೆ ನನ್ನ ಅಳತೆ ಇನ್ನೂ ಇಟ್ಕೊಂಡಿದ್ದೀರಾ? ಅದೇ ಮೂವತ್ತಾರು."

ಅತ್ತೆ ಅವರನ್ನು ತಲೆಯಿಂದ ಕಾಲಿನವರೆಗೆ ಗಂಭೀರವಾಗಿ ನೋಡಿದರು. "ಒಂದಿಂಚೂ ಬದಲಾಗಿಲ್ಲ ನೋಡಿ."

ಬೀಗಿತ್ತಿಯ ಮುಖ ಅರಳಿತು. ನಾನು ಎಲ್ಲೋ ನೋಡುತ್ತ ಯಾರದೋ ತುಂಬಿದ ಲೋಟಕ್ಕೆ ಮತ್ತೆ ನೀರು ಸುರಿದೆ.

ಹಂಚಿ ಮುಗಿಯುವಾಗ ಒಂದು ಕರವಸ್ತ್ರಕ್ಕೆ ಕವರಿಲ್ಲದೆ ಹೋಯಿತು. ಮದುವೆಯ ಬಟ್ಟೆಯಲ್ಲೇ ಓಡಿ ಬಂದ ನಾದಿನಿ ಎರಡೆರಡು ಸಲ ಎಣಿಸಿದಳು. "ಐವತ್ತೊಂಬತ್ತು! ಅತ್ತಿಗೆ, ನೀವು ಲೆಕ್ಕ ತಪ್ಪಿದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದಾನೆ?"

"ಒಂದು ಹರಿದುಹೋಯ್ತು," ಎಂದೆ.

"ನಿಮ್ಮ ಕೈಲಿ?"

ಅತ್ತೆ ನನ್ನ ಕಡೆ ತಿರುಗಿದರು. ರಾತ್ರಿ ಅವರು ಎಣಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ; ಮುಖದಲ್ಲಿ ಏನೂ ಇರಲಿಲ್ಲ. ನಲವತ್ತು ವರ್ಷ ಟೇಪು ಹಿಡಿದ ಮುಖ. "ಹೋಗ್ಲಿ ಬಿಡೇ," ಎಂದರು ಮಗಳಿಗೆ. "ಸ್ಕೇಲೂ ಒಂದೊಂದ್ಸಲ ಬಾಗುತ್ತೆ."

ಕವರಿಲ್ಲದ ಕರವಸ್ತ್ರವನ್ನು ನನಗೇ ಇಟ್ಟುಕೊಂಡೆ. ರಾತ್ರಿ ಗಂಡ, "ಕಣ್ಣೇನು ಇಷ್ಟು ಕೆಂಪಗಿದೆ, ಕಳ್ಳ ಸಿಕ್ಕಿದ್ನಾ?" ಎಂದು ಕೇಳಿದರು. ನಿದ್ದೆಯಿಲ್ಲ ಎಂದೆ. ಅದು ನಿಜವೂ ಹೌದು. ದರ್ಜಿಯ ಮನೆಗೆ ಬಂದು ಹನ್ನೊಂದು ವರ್ಷದ ಮೇಲೆ ಆ ಮನೆಯ ಪದ್ಧತಿ ಕಲಿಯುತ್ತಿದ್ದೆ: ಅಳತೆ ಯಾರದಾದರೂ ಹೊರಗೆ ಹೋಗಬಾರದು. ಆ ರಾತ್ರಿಯ ಸಂಗತಿ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದೆ. ಮಡಿಸಿಟ್ಟ ಕಾಗದದ ವಿಷಯವನ್ನಂತೂ, ಬರೆದವರಿಗೂ.